ಮಗ್ಗದ ಬೀದಿಯ ಚೆಲುವಿ ಮೂರು ಬಾಗಿಲು ದಾಟಿದ್ದು

ಬಹಳ ಬಹಳ ಹಿಂದೆ, ನೂಲುಗಿರಿ ಎಂಬ ರಾಜ್ಯದಲ್ಲಿ ಬೆಟ್ಟದ ಮೇಲೊಂದು ಶಾಲೆಯಿತ್ತು. ಅದನ್ನು ಕರಡಿಗಡ್ಡ ಎಂಬ ಮಾಂತ್ರಿಕ ವಶಮಾಡಿಕೊಂಡಿದ್ದ. ದೊಡ್ಡವರು ಒಳಗೆ ಕಾಲಿಡುವಂತಿರಲಿಲ್ಲ. ಹೆದರಿ ಬಾಯಿ ಕಟ್ಟಿದ ಮಕ್ಕಳು ನಿಂತಲ್ಲೇ ಕಲ್ಲಾಗುತ್ತಿದ್ದರು. ಒಂದೇ ಒಂದು ಮಗು ಮೂರು ಬಾಗಿಲು ದಾಟಿ ಶಾಲೆಯ ಗಂಟೆ ಹೊಡೆದರೆ ಮಾಯೆ ಮುರಿಯುತ್ತಿತ್ತು. ಆ ವರ್ಷದ ವಿಜಯದಶಮಿ ಮುಗಿಯುವುದರೊಳಗೆ ಯಾರೂ ಹೊಡೆಯದಿದ್ದರೆ ಆ ಮಕ್ಕಳು ಎಂದೆಂದಿಗೂ ಕಲ್ಲೇ.

ನೇಕಾರ ಹಾಲಪ್ಪನ ಮಗ ಬೀರನೂ ಹಾಗೆ ಕಲ್ಲಾಗಿದ್ದ. ಮಗ್ಗದ ಬೀದಿಯಲ್ಲಿ ಹಗಲೆಲ್ಲ ಸದ್ದೋ ಸದ್ದು. ಅದಕ್ಕೇ ಅಲ್ಲಿ ಎಲ್ಲರದೂ ಕೈಸನ್ನೆಯ ಮಾತು. ಬೀರ ಹೆಬ್ಬೆರಳು ಎತ್ತಿದರೆ ನೀರು ಬರುತ್ತಿತ್ತು. ಶಾಲೆಯ ಬಾಗಿಲಲ್ಲಿ ಹೆಸರು ಕೇಳಿದಾಗಲೂ ಪಾಪ, ಅವನು ಕೈಯನ್ನೇ ಎತ್ತಿದ.

"ತಪ್ಪು ಮಗಂದಲ್ಲ, ನಮ್ದು," ಎಂದು ತಾಯಿ ಸಿದ್ದಮ್ಮ ಅತ್ತಳು. "ಚೆಲುವಿನಾದ್ರೂ ಸರಿಯಾಗಿ ಕಳಿಸೋಣ ಕಣ್ರೀ."

ಚೆಲುವಿ ಅವರ ಆರು ವರ್ಷದ ಮಗಳು. ಸದಾ ಅಮ್ಮನ ಸೆರಗಿನ ಹಿಂದೆ.

ಅಂದಿನಿಂದ ಸಂಜೆಯಾಗುತ್ತಲೇ ಮಗ್ಗ ನಿಲ್ಲುತ್ತಿತ್ತು. ಹಾಲಪ್ಪ ಮೀಸೆ ತಿರುವಿ ಕಾವಲುಗಾರನಾಗುತ್ತಿದ್ದ. ಹೆಸರು ಹೇಳುವ ತನಕ ಮಗಳನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಎದುರುಮನೆ ಮಕ್ಕಳನ್ನು ಕೂರಿಸಿ ಎಲ್ಲರಿಗೂ ಸೇರಿ ಒಂದೇ ಹೋಳಿಗೆ ಕೊಡುತ್ತಿದ್ದರು. ಮೊದಲ ದಿನ ಚೆಲುವಿ ಒಬ್ಬಳೇ ನುಂಗಿದಳು ಅನ್ನಿ! ಸಿದ್ದಮ್ಮ "ಬಾವಿಗೆ ಹೋಗಿ ಬರ್ತೀನಿ" ಎಂದು ಹೇಳಿಯೇ ಹೋಗುತ್ತಿದ್ದಳು, ಹೇಳಿದಂತೆಯೇ ಬರುತ್ತಿದ್ದಳು. ಕಣ್ತಪ್ಪಿಸಿ ಒಮ್ಮೆಯೂ ಹೋಗಲಿಲ್ಲ.

ವಿಜಯದಶಮಿ ಬಂತು. ಬೆಟ್ಟದ ಮೇಲೆ ಅಮ್ಮ ತಾನು ಹಿಡಿದಿದ್ದ ಮಗಳ ಕೈ ಬಿಟ್ಟಳು. "ಗಂಟೆ ಹೊಡೆದಾಗ ಬರ್ತೀನಿ, ಚೆಲುವಿ."

ಮೊದಲ ಬಾಗಿಲಲ್ಲಿ ಕಲ್ಲಾದ ಅಣ್ಣ ಕೈಯೆತ್ತಿಕೊಂಡೇ ನಿಂತಿದ್ದ. ಪಕ್ಕದಲ್ಲಿದ್ದ ಸಿಂಹ ಗರ್ಜಿಸಿತು. "ಯಾರು ನೀನು?"

"ನಾನು ಚೆಲುವಿ. ಮಗ್ಗದ ಬೀದಿ ಹಾಲಪ್ಪನ ಮಗಳು!"

ಸಿಂಹ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹಕ್ಕಿ ಹಸಿವಿಗೆ ತನ್ನನ್ನೇ ಕುಕ್ಕಿಕೊಳ್ಳುತ್ತಿತ್ತು. ಚೆಲುವಿ ಬುತ್ತಿ ಬಿಚ್ಚಿ ಹೋಳಿಗೆಯನ್ನು ಮೂರು ಪಾಲು ಮಾಡಿದಳು. "ನಿನಗೊಂದು, ನಿನಗೊಂದು, ನನಗೊಂದು." ಹಕ್ಕಿ ತಿಂದು ರೆಕ್ಕೆ ಸರಿಸಿತು.

ಮೂರನೆಯ ಬಾಗಿಲಲ್ಲಿ ಕರಡಿಗಡ್ಡನೇ ಕೂತಿದ್ದ.

"ನಿಮ್ಮಮ್ಮ ನಿನ್ನ ಬಿಟ್ಟು ಹೋದ್ಲು. ಇನ್ನು ಬರೋದೇ ಇಲ್ಲ!"

ಚೆಲುವಿಗೆ ಅಳು ಒತ್ತರಿಸಿ ಬಂತು. ಬಾಯಿ ಕಟ್ಟಿತು. ಕಾಲ್ಬೆರಳುಗಳು ತಣ್ಣಗೆ ಕಲ್ಲಾಗತೊಡಗಿದವು. ಆಗ ತುಂಬಿದ ಕೊಡ ಹೊತ್ತು ಬಾವಿಯಿಂದ ಬರುವ ಅಮ್ಮ ನೆನಪಾದಳು. ಪ್ರತಿದಿನ ಬರುತ್ತಿದ್ದಳಲ್ಲ!

"ಸುಳ್ಳು! ನಮ್ಮಮ್ಮ ಹೇಳಿಯೇ ಹೋಗಿದ್ದಾಳೆ. ಗಂಟೆ ಹೊಡೆದಾಗ ಬರ್ತಾಳೆ. ಸ್ವಲ್ಪ ಜರುಗಿ ತಾತ, ನಾನು ಗಂಟೆ ಹೊಡೀಬೇಕು."

ಇಷ್ಟು ವರ್ಷದಲ್ಲಿ ಯಾವ ಮಗುವೂ ಅವನಿಗೆ ಹೀಗೆ ಹೇಳಿರಲಿಲ್ಲ. ಅವನು ತಬ್ಬಿಬ್ಬಾಗಿ ಜರುಗಿಯೇಬಿಟ್ಟ! ಚೆಲುವಿ ಹಗ್ಗಕ್ಕೆ ಜೋತುಬಿದ್ದಳು.

ಢಣ್! ಢಣ್! ಢಣ್!

ಕರಡಿಗಡ್ಡ ಪುಟ್ಟ ಕರಡಿಮರಿಯಾಗಿ ಕಾಡಿಗೆ ಓಡಿದ. ಕಲ್ಲುಗಳೆಲ್ಲ ಮಕ್ಕಳಾದವು. ಬೀರ ಓಡಿಬಂದು ತಂಗಿಯನ್ನು ಎತ್ತಿ ಗಿರಗಿರನೆ ತಿರುಗಿಸಿದ. "ನಾನು ಬೀರ! ನಾನು ಬೀರ!" ಎಂದು ಬೆಟ್ಟವೆಲ್ಲ ಕೇಳುವಂತೆ ಕೂಗಿದ.

ಸಿದ್ದಮ್ಮ ಹೇಳಿದಂತೆಯೇ ಬಾಗಿಲಿಗೆ ಬಂದಿದ್ದಳು. ಮಕ್ಕಳ ಗದ್ದಲಕ್ಕೆ ಮಗ್ಗದ ಬೀದಿಯೂ ಸೋಲಬೇಕು, ಅವಳ ಕೂಗು ಯಾರಿಗೂ ಕೇಳಲಿಲ್ಲ. ಅವಳು ಕೈಯೆತ್ತಿ ಸನ್ನೆ ಮಾಡಿದಳು, ಮನೆಗೆ ಹೋಗೋಣವಾ?

ಚೆಲುವಿ ದೂರದಿಂದಲೇ ಸನ್ನೆ ಮಾಡಿದಳು. ನೀನು ಹೋಗಿರಮ್ಮ, ನಾವು ಆಟ ಮುಗಿಸಿ ಬರ್ತೀವಿ.

ಅಣ್ಣತಂಗಿ ಹೇಳಿದಂತೆಯೇ ಬಂದರು. ಎಲ್ಲರೂ ಸುಖವಾಗಿದ್ದರು.