ಬಲಗಡೆ ಸೀಟಿನ ದೋಷ

ಪೈಲಟ್‌ಗಳು ನೆಲದ ಮೇಲೇ ಹಾರಾಟ ಕಲಿಯುವ ಸಿಮ್ಯುಲೇಟರ್ ಕಟ್ಟಡದ ಡಿಫೆಕ್ಟ್ ಬುಕ್ಕಿನಲ್ಲಿ, ಅಂದರೆ ಯಂತ್ರದ ದೋಷ ಬರೆದಿಡುವ ಪುಸ್ತಕದಲ್ಲಿ, ಅವಳು ದಪ್ಪ ಅಕ್ಷರದಲ್ಲಿ ಬರೆದಿದ್ದಳು: "ಆಟೋಪೈಲಟ್ ಕೆಟ್ಟಿದೆ. ಕೊಟ್ಟ ದಾರಿ ಬಿಟ್ಟು ತನಗೆ ತೋಚಿದ ಕಡೆ ಹೋಗುತ್ತದೆ."

ಮರುದಿನ ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಉತ್ತರ ಬಂದಿತ್ತು: "ನಾಲ್ಕು ಗಂಟೆ ಪರಿಶೀಲಿಸಲಾಯಿತು. ದೋಷವಿಲ್ಲ. ವಿಮಾನ ಹೇಳಿದಂತೆ ಕೇಳಿದೆ. ಹೇಳಿದ್ದೇ ತಪ್ಪು."

ಹೇಳಿದ್ದೇ ತಪ್ಪಂತೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷ ಟಪಾಲು ಹೊರುವ ಪುಟ್ಟ ಪ್ರೊಪೆಲರ್ ವಿಮಾನವನ್ನು ಕೈಯಲ್ಲೇ ಹಾರಿಸಿದವಳು ಅವಳು. ಮೋಡಕ್ಕಾಗಲಿ ಅಡ್ಡಗಾಳಿಗಾಗಲಿ ಜಗ್ಗಿದವಳಲ್ಲ. ಕಂಪನಿಯವರು ಆ ಪುಟ್ಟ ವಿಮಾನಗಳನ್ನೆಲ್ಲ ಮಾರಿ ಜೆಟ್ ತಂದರು. ಮೂವತ್ತಾರನೇ ವಯಸ್ಸಿನಲ್ಲಿ ಅವಳು ಮತ್ತೆ ಪಾಠಕ್ಕೆ ಕೂರಬೇಕಾಯಿತು. ಜೆಟ್‌ನಲ್ಲಿ ಪೈಲಟ್ ಹಾರಿಸುವುದು ಕಡಿಮೆ, ಹಾರಲು ಬಿಡುವುದೇ ಜಾಸ್ತಿ. ಆ ಬಿಡುವ ವಿದ್ಯೆ ಅವಳಿಗೆ ಒಲಿಯುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯದೇ ಕೊನೆಯದು, ಅದೂ ಕೈಕೊಟ್ಟರೆ ಕೆಲಸವೇ ಇಲ್ಲ.

ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ತಂತ್ರಜ್ಞರ ಕೋಣೆಗೆ ನುಗ್ಗಿದಳು. ಅಲ್ಲಿ ಉದ್ದಕ್ಕೆ, ಸಣ್ಣಗೆ ಇದ್ದವನೊಬ್ಬ ಸ್ವಿಚ್ಚಿಗೆ ಬೆಸುಗೆ ಹಾಕುತ್ತಿದ್ದ. ಇಡೀ ಕಟ್ಟಡ ಅವನನ್ನು ಕಡ್ಡಿ ಎಂದೇ ಕರೆಯುತ್ತಿತ್ತು.

"ಇದನ್ನ ಬರೆದೋರು ಯಾರು?"

"ನಾನೇ, ಮೇಡಂ. ಅಕ್ಷರ ಅರ್ಥ ಆಗ್ಲಿಲ್ವಾ?"

"ಅಕ್ಷರ ಅರ್ಥ ಆಯ್ತು. ಕೊಬ್ಬು ಯಾಕೆ ಅಂತ ಅರ್ಥ ಆಗ್ಲಿಲ್ಲ."

ಅವನು ಬೆಸುಗೆ ಹಾಕುವುದನ್ನು ನಿಲ್ಲಿಸಿ ಎದ್ದ. ಸಿಟ್ಟಾಗಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. "ಬನ್ನಿ, ತೋರಿಸ್ತೀನಿ," ಎಂದ.

ಆರು ಕಾಲುಗಳ ಮೇಲೆ ನಿಂತ ಕಿಟಕಿಯಿಲ್ಲದ ಬಿಳಿ ಡಬ್ಬ, ಅದೇ ಸಿಮ್ಯುಲೇಟರ್. ಒಳಗೆ ಮಾತ್ರ ಥೇಟ್ ವಿಮಾನದ ಮೂಗು. ಅವಳು ಎಡಗಡೆ ಕೂತಳು, ಅವನು ಬಲಗಡೆ ಕೂತ.

"ದಾರಿ ಕಂಪ್ಯೂಟರಿಗೆ ಹಾಕಿದ್ರಿ, ಸರಿ. ಆ ದಾರಿ ಹಿಡಿ ಅಂತ ಹೇಳೋ ನ್ಯಾವ್ ಗುಂಡಿ ಒತ್ತಿದ್ರಿ, ಅದೂ ಸರಿ. ಆಮೇಲೆ ಮೇಲೆ ನೋಡಿದ್ರಾ?"

ಪರದೆಯ ಮೇಲಂಚಿನಲ್ಲಿ 'ನ್ಯಾವ್' ಎಂಬ ಅಕ್ಷರಗಳು ಬಿಳಿಯಾಗಿ ಕಾಣುತ್ತಿದ್ದವು.

"ಬಿಳಿ ಅಂದ್ರೆ ಕಾಯ್ತಾ ಇದೆ ಅಂತ. ಈಗ ಹೋಗ್ತಿರೋ ದಿಕ್ಕು ಆ ದಾರಿಗೆ ಎಲ್ಲೋ ಒಂದ್ ಕಡೆ ಸೇರ್ಬೇಕು, ಆಗ ಹಸಿರಾಗುತ್ತೆ. ನೀವು ದಿಕ್ಕನ್ನ ದಾರಿಯಿಂದ ದೂರಕ್ಕೆ ತಿರುಗಿಸಿಟ್ಟಿದ್ರಿ. ಅದು ಎಷ್ಟು ಹೊತ್ತು ಕಾದ್ರೂ ಸೇರಲ್ಲ. ಗುಂಡಿ ಒತ್ತೋದು ಅಂದ್ರೆ ಬರೀ ಕೇಳೋದು, ಮೇಡಂ. ಹಸಿರಾದ್ರೆ ಮಾತ್ರ ಒಪ್ಕೊಂಡಿದೆ ಅಂತ."

ಅವಳು ದಿಕ್ಕಿನ ಗುಂಡಿ ತಿರುಗಿಸಿದಳು. ಕಾದಳು. ಅಕ್ಷರ ಹಸಿರಾಯಿತು, ವಿಮಾನ ಸದ್ದಿಲ್ಲದೆ ಬಾಗಿ ದಾರಿ ಹಿಡಿಯಿತು. ಆ ಹಸಿರು ಬೆಳಕು ಪಕ್ಕದವನ ಕೆನ್ನೆಯ ಮೇಲೂ ಬಿದ್ದಿತ್ತು. ಅದನ್ನು ಗಮನಿಸಿದ್ದಕ್ಕೆ ತನ್ನ ಮೇಲೇ ಅವಳಿಗೆ ಮುನಿಸು ಬಂತು.

ಅದೇ ವಾರ ಅವಳ ಜೊತೆ ಅಭ್ಯಾಸ ಮಾಡುತ್ತಿದ್ದ ಪೈಲಟ್ ಕಾಮಾಲೆಯಿಂದ ಮಲಗಿಬಿಟ್ಟ. ಬೇರೆ ಯಾರೂ ಸಿಗದೆ ಮೂರು ವಾರದ ಮಟ್ಟಿಗೆ ಕಡ್ಡಿಯನ್ನೇ ಬಲಗಡೆ ಸೀಟಿನಲ್ಲಿ ಕೂರಿಸಿದರು. ಹಾರಾಟದ ಲೈಸೆನ್ಸ್ ಇಲ್ಲದಿದ್ದರೂ ಅವನಿಗೆ ಆ ಡಬ್ಬದ ಪ್ರತಿಯೊಂದು ಗುಂಡಿಯ ಜಾತಕ ಗೊತ್ತಿತ್ತು.

ಆಟೋಪೈಲಟ್ ಹಾರಿಸುತ್ತಿರುವಾಗ ಅವಳ ಕೈ ಅವಳಿಗೇ ತಿಳಿಯದಂತೆ ಸ್ಟಿಯರಿಂಗಿನ ಕಡೆ ಹರಿಯುತ್ತಿತ್ತು. ಅವನು ತಿರುಗಿ ನೋಡದೆಯೇ "ಕೈ," ಎನ್ನುತ್ತಿದ್ದ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ದಿನ ಅವನು 'ಕೈ' ಎನ್ನಲಿ ಎಂದೇ ಅವಳು ಬೇಕಂತ ಕೈ ಚಾಚಿದಳು. ಅವನು ತುಟಿ ಬಿಗಿಹಿಡಿದು ನಗು ತಡೆದುಕೊಂಡದ್ದು ಮಾತ್ರ ಪರದೆಯ ಗಾಜಿನಲ್ಲಿ ಕಾಣಿಸಿತು.

ಡಿಫೆಕ್ಟ್ ಬುಕ್ಕಿನ ಭಾಷೆಯೂ ಬದಲಾಯಿತು.

"ಎಡಗಡೆ ಕಪ್ ಹೋಲ್ಡರ್ ಸಡಿಲ," ಎಂದು ಅವಳು ಬರೆದಳು.

"ಬಿಗಿ ಮಾಡಲಾಗಿದೆ. ಬಲಗಡೆಯದು ಗಟ್ಟಿಯಾಗಿದೆ, ಆದರೆ ಖಾಲಿ ಇದೆ."

ಮರುದಿನ ಅವಳು ಎರಡು ಕಾಫಿ ತಂದಳು.

"ಏನೇ, ಈ ನಡುವೆ ವಿಮಾನದ ಸುದ್ದಿಗಿಂತ ಆ ಕಡ್ಡಿ ಸುದ್ದೀನೇ ಜಾಸ್ತಿ ಆಯ್ತಲ್ಲ," ಎಂದು ಅಕ್ಕ ಫೋನಿನಲ್ಲಿ ಕಾಲೆಳೆದಳು.

"ಸುಮ್ನಿರಕ್ಕ. ಪಾಠ ಹೇಳ್ಕೊಡ್ತಾರೆ, ಅಷ್ಟೇ."

"ಅವನಿಗೆ ಹೇಳಿದ್ಯಾ?"

"ಏನು ಹೇಳೋದು?"

ಅಕ್ಕ ನಕ್ಕು ಫೋನಿಟ್ಟಳು. ಹೇಳಬೇಕಾದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು, ಹೇಳಲು ಹೆಚ್ಚು ದಿನ ಉಳಿದಿಲ್ಲವೆಂದೂ ಗೊತ್ತಿತ್ತು. ಪಾಸಾದರೆ ವಾರದೊಳಗೆ ಬೇರೆ ಊರಿಗೆ ಪೋಸ್ಟಿಂಗ್, ಫೇಲಾದರೆ ಈ ಕಟ್ಟಡಕ್ಕೆ ಕಾಲಿಡುವ ಹಾಗಿಲ್ಲ. ಹೇಗೂ ಅವನು ತಪ್ಪಿಹೋಗುತ್ತಾನೆ.

ಪರೀಕ್ಷೆಯ ಹಿಂದಿನ ದಿನ ಅವನು ಹಲ್ಲುನೋವೆಂದು ಮಧ್ಯಾಹ್ನವೇ ಹೋಗಿದ್ದ. ಬಲಗಡೆಯ ಖಾಲಿ ಸೀಟನ್ನು ನೋಡಿಕೊಂಡು ಕೂತವಳಿಗೆ ಏನನ್ನಿಸಿತೋ ಏನೋ, ಬುಕ್ಕು ತೆಗೆದು ಒಂದೇ ಉಸಿರಿಗೆ ಬರೆದಳು: "ತಂತ್ರಜ್ಞರು ಬಲಗಡೆ ಸೀಟಿನಲ್ಲಿ ಕೂತಾಗ ಎಡಗಡೆಯ ಪೈಲಟ್‌ಗೆ ಏಕಾಗ್ರತೆ ತಪ್ಪುತ್ತದೆ. ಕೂರದಿದ್ದಾಗ ಇನ್ನೂ ಹೆಚ್ಚು ತಪ್ಪುತ್ತದೆ. ದಯವಿಟ್ಟು ಪರಿಶೀಲಿಸಿ." ಸಹಿ ಹಾಕಿ, ಮುಖ ಬಿಸಿಯಾಗಿ, ಓಡಿದಂತೆ ಮನೆಗೆ ಹೋದಳು.

ಪರೀಕ್ಷೆ ನಡೆಸಲು ಬಂದವರು ಮೊದಲು ತೆರೆಯುವುದು ಆ ಬುಕ್ಕನ್ನೇ ಎಂಬುದು ಅವಳಿಗೆ ನೆನಪಾದದ್ದು ಬೆಳಿಗ್ಗೆ, ಪರೀಕ್ಷಕಿ ಕನ್ನಡಕ ಏರಿಸಿಕೊಂಡು ಕೊನೆಯ ಪುಟ ತಿರುಗಿಸಿದಾಗ. ಪರೀಕ್ಷಕಿ ನಿವೃತ್ತಿಗೆ ಹತ್ತಿರವಾದ ಹೆಂಗಸು, ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಪದ ಪದ ಬಿಡಿಸಿ ಗಟ್ಟಿಯಾಗಿ ಓದಿದರು.

"ಉತ್ತರ ಬರೆದಿಲ್ಲ. ಉತ್ತರ ಇಲ್ಲದ ದೋಷ ಇಟ್ಕೊಂಡು ನಾನು ಪರೀಕ್ಷೆ ಮಾಡೋ ಹಾಗಿಲ್ಲ. ಪುಟ ಹರಿಯೋ ಹಾಗೂ ಇಲ್ಲ. ತಂತ್ರಜ್ಞರನ್ನ ಕರೀರಿ."

ಕಡ್ಡಿ ಊದಿದ ಕೆನ್ನೆ ಹೊತ್ತುಕೊಂಡು ಬಂದ. ಓದಿದ. ಇನ್ನೊಮ್ಮೆ ಓದಿದ. ಅವನ ಕಿವಿ ಕೆಂಪಾಯಿತು.

ಆ ಬುಕ್ಕಿನಲ್ಲಿ ಅವಳು ಎರಡೇ ಬಗೆಯ ಉತ್ತರ ಕಂಡಿದ್ದಳು. ದೋಷವಿದೆ ಎಂದು ಬರೆದರೆ ರಿಪೇರಿಯಾಗುವ ತನಕ ಸಿಮ್ಯುಲೇಟರ್ ಬಂದ್. ಅವಳ ಗಡುವು ಇವತ್ತಿಗೇ ಮುಗಿಯುವುದರಿಂದ ಪರೀಕ್ಷೆಯೂ ಇಲ್ಲ, ಕೆಲಸವೂ ಇಲ್ಲ. ದೋಷವಿಲ್ಲ ಎಂದು ಬರೆದರೆ ಪರೀಕ್ಷೆ ನಡೆಯುತ್ತದೆ. ಆದರೆ 'ನನ್ನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲ' ಎಂದು ಅವನ ಕೈಯಲ್ಲೇ ಬರೆಸಿದಂತಾಗುತ್ತದೆ.

"ದೋಷವಿಲ್ಲ ಅಂತ ಬರೀರಿ," ಎಂದಳು ನೆಲ ನೋಡುತ್ತ. "ನಾನು ತಮಾಷೆಗೆ ಬರೆದಿದ್ದು."

"ತಮಾಷೆಗಾ?"

ಅವಳು ತಲೆಯೆತ್ತಲಿಲ್ಲ. ಪೆನ್ನು ಕಾಗದದ ಮೇಲೆ ಬಹಳ ಹೊತ್ತು ಓಡಾಡಿದ ಸದ್ದು ಕೇಳಿಸಿತು. ಪರೀಕ್ಷಕಿ ಓದಿ, ತಾವೂ ಏನೋ ಬರೆದು, ಸಹಿ ಹಾಕಿ ಬುಕ್ಕು ಮುಚ್ಚಿದರು.

"ಯಂತ್ರ ಬಳಸಬಹುದು. ಒಳಗೆ ಹೋಗಿ."

ಬಳಸಬಹುದು. ಅಂದರೆ ದೋಷವಿಲ್ಲ ಎಂದೇ ಬರೆದಿದ್ದಾನೆ. ತಾನೇ ಕೇಳಿದ್ದು, ಆದರೂ ಅಳು ಬಂತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಬಲಗಡೆ ಯಾರೋ ಅಪರಿಚಿತ ಪೈಲಟ್ ಕೂತಿದ್ದ. ಅರ್ಧ ದಾರಿಯಲ್ಲಿ ಪರೀಕ್ಷಕಿ ಹಿಂದಿನಿಂದ, "ಮುಂದೆ ಬಿರುಗಾಳಿ. ದಾರಿ ಬದಲಿಸಿ," ಎಂದರು. ಅವಳು ಹೊಸ ದಾರಿ ಹಾಕಿ, ದಿಕ್ಕು ತಿರುಗಿಸಿ, ಗುಂಡಿ ಒತ್ತಿದಳು. ಅಕ್ಷರ ಬಿಳಿಯಾಗಿಯೇ ಇತ್ತು. ಹತ್ತು ಸೆಕೆಂಡ್ ಕಳೆಯಿತು, ಇಪ್ಪತ್ತು ಕಳೆಯಿತು. ಹಿಂದಿನ ಎರಡೂ ಸಲ ಅವಳ ಕೈ ಸ್ಟಿಯರಿಂಗ್ ಹಿಡಿದದ್ದು ಇಂಥ ಗಳಿಗೆಯಲ್ಲೇ. ಈ ಸಲ ಅವಳು ದಿಕ್ಕಿನ ಗೆರೆ ನೋಡಿದಳು, ಅದು ದಾರಿಗೆ ಸೇರುತ್ತಿತ್ತು. ಲೆಕ್ಕ ಸರಿಯಿದೆ, ಇನ್ನು ಕಾಯುವುದೊಂದೇ ಕೆಲಸ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಹಸಿರಾಯಿತು. ಮಂಜಿನಲ್ಲಿ ಇಳಿಸುವ ತನಕ ಅವಳು ಒಂದು ತಪ್ಪನ್ನೂ ಮಾಡಲಿಲ್ಲ.

"ಪಾಸ್," ಎಂದರು ಪರೀಕ್ಷಕಿ, ಇಳಿಯುವ ಮೆಟ್ಟಿಲ ಬಳಿ. ಆಮೇಲೆ ಬುಕ್ಕನ್ನು ಅವಳ ಕೈಗಿತ್ತರು. "ಈಗ ಓದಿ. ಮೊದಲೇ ಕೊಟ್ಟಿದ್ರೆ ನೀವು ರನ್‌ವೇ ಬಿಟ್ಟು ಇನ್ನೆಲ್ಲೋ ಇಳಿತಿದ್ರಿ."

ಇರುವೆ ಸಾಲಿನಂಥ ಅಕ್ಷರಗಳು: "ದೋಷ ನಿಜ. ಬಲಗಡೆ ಸೀಟಿನಲ್ಲೂ ಇದೇ ದೋಷ ಮೂರು ವಾರದಿಂದ ಇದೆ. ವರದಿ ಮಾಡಲು ಧೈರ್ಯ ಸಾಲಲಿಲ್ಲ. ಇಂದಿನ ಹಾರಾಟಕ್ಕೆ ಅಡ್ಡಿಯಿಲ್ಲ. ದುರಸ್ತಿ ಮುಂದೂಡಲಾಗಿದೆ."

ಕೆಳಗೆ ಪರೀಕ್ಷಕಿಯ ಒಪ್ಪಿಗೆ: "ಸರಿ. ಹತ್ತು ದಿನ ಮೀರಬಾರದು."

"ಮುಂದೂಡಬಹುದಾ?" ಎಂದಳು.

"ಹಾರೋಕೆ ತೊಂದ್ರೆ ಕೊಡದ ದೋಷ ಮುಂದೂಡಬಹುದು. ಅದಕ್ಕೊಂದು ನಿಯಮ ಇದೆ," ಎಂದು ಪರೀಕ್ಷಕಿ ಚೀಲ ಹೆಗಲಿಗೇರಿಸಿಕೊಂಡು ನಡೆದರು.

ಅವನು ಕಾರಿಡಾರಿನ ಕೊನೆಯಲ್ಲಿ, ಸುತ್ತಿಯೇ ಇದ್ದ ಕೇಬಲ್ ಒಂದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದ.

"ಪಾಸಾಯ್ತಾ?"

"ಆಯ್ತು. ಓದ್ದೆ."

ಅವನು ಕೇಬಲ್ ಸುತ್ತುವುದನ್ನು ನಿಲ್ಲಿಸಲಿಲ್ಲ. ಅವಳೇ ಅದನ್ನು ಕಿತ್ತುಕೊಂಡು ಕಿಟಕಿಯ ಮೇಲಿಟ್ಟಳು.

"ನಾನು ತಮಾಷೆ ಅಂದಿದ್ದು ಸುಳ್ಳು. ಕೆಲಸ ಹೋಗುತ್ತಲ್ಲ ಅಂತ ಹೆದ್ರಿ ಅಂದೆ. ನನಗೆ ನೀವು ಬೇಕು."

"ನನಗೂ," ಎಂದ ಅವನು. ಹಲ್ಲುನೋವಿಗೋ ಸಂತೋಷಕ್ಕೋ, ಅವನ ಕಣ್ಣಲ್ಲಿ ನೀರಿತ್ತು.

"ಮೊದ್ಲೇ ಹೇಳಿಬಿಡ್ತೀನಿ, ಕೇಳ್ಕೊಳ್ಳಿ. ಬೇರೆ ಊರಿಗೆ ಪೋಸ್ಟಿಂಗ್, ತಿಂಗಳಲ್ಲಿ ಹದಿನೈದು ದಿನ ನಾನು ಇಲ್ಲಿರಲ್ಲ. ಕೋಪ ಬಂದ್ರೆ ಎರಡು ದಿನ ಫೋನ್ ಎತ್ತಲ್ಲ. ಅಡುಗೆ ಅಂತೂ ಕೇಳ್ಲೇಬೇಡಿ. ತಪ್ಪು ನನ್ನದೇ ಇದ್ರೂ ಮೊದ್ಲು ನಿಮ್ಮ ಮೇಲೇ ದೂರು ಬರೀತೀನಿ."

"ಇಷ್ಟೇನಾ?"

"ಇವತ್ತಿಗೆ ಇಷ್ಟೇ."

"ಎಲ್ಲಾ ಬರ್ಕೋತೀನಿ," ಎಂದ ಅವನು, ಅವಳ ಕೈಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತ. "ಒಂದನ್ನೂ ರಿಪೇರಿ ಮಾಡಲ್ಲ."