ನಾಲ್ಕೂವರೆಯ ಐದು ವಾಕ್ಯ

ಲಕೋಟೆಯ ಅರಗಿನ ಮುದ್ರೆ ಒಡೆದಿತ್ತು.

ಇಂಗ್ಲಿಷ್ ಮೇಷ್ಟ್ರು ಅದನ್ನು ಕೋಣೆಯ ಬೀಗ ಕೆಟ್ಟ ಬೀರುವಿನಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ ಕುರ್ಚಿಯಲ್ಲಿ ಕುಸಿದರು. ಒಳಗಿದ್ದದ್ದು ಮರುದಿನದ ಪರೀಕ್ಷೆಯ ಪ್ರಶ್ನೆಪತ್ರಿಕೆ. ಅದರಲ್ಲಿ ಮೊದಲ ಸ್ಥಾನ ಪಡೆದವರಿಗೆ ಆಸ್ಪತ್ರೆಯ ವಿಚಾರಣೆ ಮೇಜಿನ ಕೆಲಸ. ಸಂಜೆ ಐದರ ಆ ತರಗತಿಯಲ್ಲಿ ಹನ್ನೆರಡು ಜನ. ಹತ್ತು ಜನರ ಕಣ್ಣು ಒಟ್ಟಿಗೆ ಕೊನೆಯ ಬೆಂಚಿನತ್ತ ತಿರುಗಿತು.

ಅಲ್ಲಿ ಕೂತಿದ್ದವಳು ಆ ಕಟ್ಟಡದ ಕಸ ಗುಡಿಸುವ ಅಕ್ಕ. ದಿನವೂ ನಾಲ್ಕೂಕಾಲಿಗೆ ಕೋಣೆಯ ಬೀಗ ತೆಗೆಯುವವಳು ಅವಳೇ. ಪರೀಕ್ಷೆಗೆ ಹೆಸರನ್ನೂ ಕೊಟ್ಟಿದ್ದಳು.

"ನಾನು ಮುಟ್ಟಿಲ್ಲ ಸಾರ್. ನನ್ನ ಮಗಳಾಣೆ."

"ಯಾವ ಕಳ್ಳ ತಾನೇ ಒಪ್ಕೋತಾನೆ?" ಎಂದ ಮುಂದಿನ ಬೆಂಚಿನ ಯುವಕ. ಎಂಥ ಸೆಖೆಯಲ್ಲೂ ಟೈ ಕಟ್ಟುತ್ತಿದ್ದುದರಿಂದ ಎಲ್ಲರೂ ಅವನನ್ನು ಟೈ ಎಂದೇ ಕರೆಯುತ್ತಿದ್ದರು. ಅವನಿಗೂ ಆ ಕೆಲಸದ ಮೇಲೆ ಕಣ್ಣಿತ್ತು.

ಮೇಷ್ಟ್ರು ತಲೆ ತಗ್ಗಿಸಿದರು. "ನಿಜ ಗೊತ್ತಾಗೋವರೆಗೂ ನಿನ್ನನ್ನ ಪರೀಕ್ಷೆಗೆ ಕೂರಿಸೋಕಾಗಲ್ಲಮ್ಮ."

ಹನ್ನೆರಡನೆಯವರು ಮಾತ್ರ ಅವಳನ್ನು ನೋಡಲಿಲ್ಲ. ಅವರು ನಿವೃತ್ತ ಪೊಲೀಸ್ ದಫೇದಾರರು. ಬೀಗರ ಜೊತೆ ಇಂಗ್ಲಿಷಿನಲ್ಲೇ ಜಗಳವಾಡಬೇಕೆಂಬ ಆಸೆಯಿಂದ ಸೇರಿದ್ದವರು. ಅವರ ಕಣ್ಣು ಬಾಗಿಲ ಬಳಿಯ ಬುಟ್ಟಿಯ ಮೇಲಿತ್ತು. "ಮೇಷ್ಟ್ರೇ, ಒಂದು ಗಂಟೆ ಟೈಮ್ ಕೊಡಿ. ಯಾರೂ ಹೊರಗೆ ಹೋಗಬಾರದು."

*

ಬುಟ್ಟಿಯಲ್ಲಿದ್ದದ್ದು ಮನೆಗೆಲಸದ ನೋಟ್‌ಬುಕ್ಕುಗಳು.

ಪ್ರೆಸೆಂಟ್ ಕಂಟಿನ್ಯುಯಸ್ ಕಲಿಸಲು ಮೇಷ್ಟ್ರದೇ ಒಂದು ಪದ್ಧತಿ ಇತ್ತು. "ಆ್ಯಮ್, ಈಸ್, ಆರ್ ಎತ್ತುಗಳು. ಇಂಗ್ ಹಚ್ಚಿದ ಕ್ರಿಯಾಪದ ಗಾಡಿ. ಎತ್ತು ಕಟ್ಟದೆ ಗಾಡಿ ಹೊಡೀಬೇಡಿ," ಎನ್ನುತ್ತಿದ್ದರು. ದಿನವೂ ಸರಿಯಾಗಿ ನಾಲ್ಕೂವರೆಗೆ, ಎಲ್ಲಿದ್ದರೆ ಅಲ್ಲೇ ನಿಂತು, ಕಣ್ಣೆದುರು ನಡೆಯುತ್ತಿರುವುದರ ಬಗ್ಗೆ ಐದು ವಾಕ್ಯ ಬರೆಯಬೇಕು. ಕಂಡದ್ದನ್ನೇ ಬರೆಯಬೇಕು. ತಪ್ಪಿಗೆ ಕ್ಷಮೆ ಉಂಟು, ಸುಳ್ಳಿಗೆ ಸೊನ್ನೆ. ತರಗತಿಗೆ ಬಂದವರು ಮೊದಲು ನೋಟ್‌ಬುಕ್ಕನ್ನು ಬುಟ್ಟಿಗೆ ಹಾಕಿಯೇ ಒಳಗೆ ಬರಬೇಕು.

ದಫೇದಾರರು ಕನ್ನಡಕ ಏರಿಸಿದರು. ಕೇಳದೆಯೇ ಹೇಳಿಕೆ ಬರೆದುಕೊಟ್ಟ ಇಷ್ಟು ಸಾಕ್ಷಿಗಳು ಇಡೀ ಸರ್ವೀಸಿನಲ್ಲಿ ಅವರಿಗೆ ಸಿಕ್ಕಿರಲಿಲ್ಲ.

ಎದುರು ಅಂಗಡಿಯ ಟೈಲರಮ್ಮ ಬರೆದಿದ್ದರು: 'ಎ ಮ್ಯಾನ್ ಈಸ್ ಕ್ಯಾರಿಯಿಂಗ್ ಎ ಬಿಗ್ ಬ್ಯಾಗ್.'

"ಯಾರಮ್ಮ ಈ ಚೀಲದ ಮನುಷ್ಯ?"

"ಗೊತ್ತಿಲ್ಲ ಅಣ್ಣ. ನನ್ನ ಅಂಗಡಿ ಗಡಿಯಾರ ಕಾಲು ಗಂಟೆ ಮುಂದಿದೆ, ನಿಜವಾಗಿ ಆಗ ನಾಲ್ಕೂಕಾಲು. ಸರಸರ ಅಂತ ಕಟ್ಟಡದ ಒಳಗೆ ಹೋದ."

ದಫೇದಾರರ ಮೀಸೆ ನಿಮಿರಿತು. ಟೈಲರಮ್ಮ ಹೇಳಿದ ಗುರುತು ಹಿಡಿದು ಬೀದಿಗಿಳಿದರು.

*

ಚೀಲದ ಮನುಷ್ಯ ಮೂಲೆಯ ಅಂಗಡಿಯಲ್ಲೇ ಸಿಕ್ಕ. ಪಂಪು ರಿಪೇರಿ ಮಾಡುವವನು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

"ಅಲ್ಲಿಗೆ ಯಾಕೆ ಹೋಗಿದ್ದೆ?"

"ನಿನ್ನೆ ರಾತ್ರಿನೇ ಮೋಟಾರ್ ಸುಟ್ಟಿತ್ತು ಸ್ವಾಮಿ. ಇಡೀ ಕಟ್ಟಡದಲ್ಲಿ ಒಂದು ಹನಿ ನೀರಿಲ್ಲ. ಆ ಅಕ್ಕ ಬೀಗ ತೆಗೆದು ನೇರ ಹಿತ್ತಲಿಗೆ ಬಂದ್ರು. ಐದರವರೆಗೂ ನನಗೆ ಸ್ಪ್ಯಾನರ್ ಕೊಡ್ತಾ ಜೊತೆಗೇ ಇದ್ರು. ಮಧ್ಯೆ ಎಂಥದೋ ಪುಸ್ತಕ ತೆಗೆದು ಬರೆದ್ರು, ಅಷ್ಟೇ."

ದಫೇದಾರರು ಜೊತೆಗೆ ತಂದಿದ್ದ ಅವಳ ನೋಟ್‌ಬುಕ್ ತೆರೆದರು. ವಕ್ರ ಅಕ್ಷರ. 'ಹೀ ಈಸ್ ಓಪನಿಂಗ್ ದ ಮೋಟಾರ್. ಹೀ ಈಸ್ ಟೈಯಿಂಗ್ ಕ್ಲಾತ್ ಟು ಹಿಸ್ ಫಿಂಗರ್.' ಪಂಪಿನವನ ಬೆರಳನ್ನು ಮತ್ತೊಮ್ಮೆ ನೋಡಿದರು. ಚೀಲದ ಹಿಂದೆ ಓಡಿದ್ದು ವ್ಯರ್ಥವಾಗಲಿಲ್ಲ.

*

"ಪಂಪಿನವನ ಜೊತೆ ಇದ್ದೆ ಅಂತ ಯಾಕಮ್ಮ ಹೇಳಲಿಲ್ಲ?" ಮರಳಿ ಬಂದ ದಫೇದಾರರಿಂದ ವಿಷಯ ತಿಳಿದ ಮೇಷ್ಟ್ರು ಅವಳ ಬಳಿ ಬಗ್ಗಿ ಮೆಲ್ಲಗೆ ಕೇಳಿದರು.

"ಎಲ್ಲಿದ್ದೆ ಅಂತ ಯಾರು ಕೇಳಿದ್ರು ಸಾರ್?" ಎಂದಳು ಅಕ್ಕ.

ದಫೇದಾರರು ಮುಂದಿನ ಬೆಂಚಿಗೆ ಬಂದರು.

"ನಾಲ್ಕೂವರೆಗೆ ನೀನೆಲ್ಲಿದ್ದೆಯಪ್ಪಾ?"

"ಎದುರಿನ ಬಸ್ ಸ್ಟಾಪಲ್ಲಿ," ಎಂದ ಟೈ. "ಅವರು ಮೆಟ್ಟಿಲು ತೊಳೀತಾ ಇದ್ರು. ಬರೆದಿದೀನಲ್ಲ. ಶೀ ಈಸ್ ವಾಶಿಂಗ್ ದ ಸ್ಟೆಪ್ಸ್."

"ಯಾವ ನೀರಲ್ಲಿ?"

ಟೈ ಕೊರಳಿನ ಗಂಟು ಸಡಿಲಿಸಿದ.

"ಅವಳು ದಿನಾ ತೊಳೀತಾಳೆ. ಇವತ್ತೂ ತೊಳೀತಾಳೆ ಅಂದ್ಕೊಂಡು ನೀನು ಮನೇಲೇ ಬರೆದಿಟ್ಟೆ. ನಾಲ್ಕೂವರೆಗೆ ನಿನಗೆ ಬೇರೆ ಕೆಲಸ ಇತ್ತಲ್ಲ. ಕೋಣೆ ತೆಗೆದಿತ್ತು, ಬೀರುವಿನ ಬೀಗ ಕೆಟ್ಟಿತ್ತು, ಒಳಗೆ ಯಾರೂ ಇರಲಿಲ್ಲ."

ದಫೇದಾರರು ಅವನ ನೋಟ್‌ಬುಕ್ಕಿನ ಕೊನೆ ತಿರುಗಿಸಿದರು. ಒಂದು ಹಾಳೆ ಹರಿದಿತ್ತು. ಕೆಳಗಿನ ಹಾಳೆಯ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರು. ಒತ್ತಿ ಬರೆದ ಅಕ್ಷರಗಳು ಒಂದೊಂದಾಗಿ ಮೇಲೆದ್ದವು. ಮೇಷ್ಟ್ರು ಓದಿದರು. ಅವರದೇ ಹತ್ತು ಪ್ರಶ್ನೆಗಳು.

"ತಪ್ಪಾಯ್ತು ಸಾರ್," ಎಂದು ಟೈ ಮುಖ ಮುಚ್ಚಿಕೊಂಡ.

"ನನ್ನದೂ ತಪ್ಪೇ," ಎಂದ ಮೇಷ್ಟ್ರು ಕೊನೆಯ ಬೆಂಚಿನತ್ತ ಹೋಗಿ ಕೈ ಮುಗಿದರು. "ನಾಳೆ ಬಾಮ್ಮ. ಹೊಸ ಪ್ರಶ್ನೆ ಕೊಡ್ತೀನಿ."

ಅಕ್ಕ ಗಾಬರಿಯಾಗಿ ಎದ್ದು ನಿಂತಳು. ಆಮೇಲೆ ದಫೇದಾರರ ಕಡೆ ತಿರುಗಿದಳು. "ನಿಮ್ಮ ಋಣ ಹೇಗೆ ತೀರಿಸಲಿ ಅಣ್ಣಾ?"

"ನನ್ನದೇನಿಲ್ಲ ತಂಗಿ. ಮೂವತ್ತು ವರ್ಷ ಆಗಿಹೋದದ್ದನ್ನೇ ಬರ್ಕೊಂಡೆ. ಆಗ್ತಾ ಇರೋದನ್ನ ನೋಡೋಕೆ ಕಲಿಸಿದ್ದು ಮೇಷ್ಟ್ರು. ನಿನ್ನನ್ನ ಉಳಿಸಿದ್ದು ನೀನೇ ಬರೆದ ಐದು ವಾಕ್ಯ."

*

ಮರುದಿನ ಪ್ರಶ್ನೆ ಒಂದೇ: ಈ ಕೋಣೆಯಲ್ಲಿ ಈಗ ಏನೇನು ನಡೆಯುತ್ತಿದೆ? ಐದು ವಾಕ್ಯ.

ಟೈ ಬಂದಿರಲಿಲ್ಲ. ಅಕ್ಕ ಎಲ್ಲರಿಗಿಂತ ಕೊನೆಗೆ ಹಾಳೆ ಕೊಟ್ಟಳು. ಮೇಷ್ಟ್ರು ನಿಂತಲ್ಲೇ ಓದಿದರು: ದಫೇದಾರರು ಕನ್ನಡಕ ಒರೆಸುತ್ತಿದ್ದಾರೆ. ಫ್ಯಾನು ತಿರುಗುತ್ತಿದೆ. ಮೇಷ್ಟ್ರು ನನ್ನನ್ನು ನೋಡಿ ನಗುತ್ತಿದ್ದಾರೆ. ನಾನು ಪರೀಕ್ಷೆ ಬರೆಯುತ್ತಿದ್ದೇನೆ. ಎಲ್ಲ ಇಂಗ್ಲಿಷಿನಲ್ಲಿ, ಎತ್ತು ಗಾಡಿ ಎರಡೂ ಜೊತೆಯಲ್ಲಿ.

ಕೊನೆಯ ವಾಕ್ಯ: 'ಐ ಆ್ಯಮ್ ನಾಟ್ ಕ್ರೈಯಿಂಗ್.'

ಅದರ ಮೇಲೆ ಶಾಯಿ ಕದಡಿತ್ತು, ಕಾಗದ ಇನ್ನೂ ಒದ್ದೆಯಾಗಿತ್ತು. ಸುಳ್ಳಿಗೆ ಸೊನ್ನೆ ಕೊಡುವ ಮೇಷ್ಟ್ರು ಒಂದು ಗಳಿಗೆ ಪೆನ್ನು ಹಿಡಿದು ನಿಂತರು. ಆಮೇಲೆ ಪೂರ್ತಿ ಅಂಕ ಹಾಕಿದರು.