ಯಾವ ಸಂಖ್ಯೆಗೂ ಒಲ್ಲೆ ಎನ್ನದ ಮಾತೃಕೆ

ಗಂಗೊಳ್ಳಿ ಬಂದರಿನ ಪ್ರತಿಯೊಂದು ದೋಣಿಯಲ್ಲೂ ಒಂದು 'ಅಲೆಗಣಿ' ಇತ್ತು. ಗಾಳಿ, ಸೆಳೆತ, ನೀರಿನ ಏರಿಳಿತಗಳನ್ನು ಅಳೆದು, ಇನ್ನೆರಡು ಗಂಟೆಯಲ್ಲಿ ಕಡಲು ಹೇಗಿದ್ದೀತೆಂದು ಅದು ಗಟ್ಟಿಯಾಗಿ ಹೇಳುತ್ತಿತ್ತು. ಅದರೊಳಗೆ ದುಡಿಯುತ್ತಿದ್ದುದು ಡಾ. ಅಹಲ್ಯಾ ಬಲ್ಲಾಳ ಹನ್ನೊಂದು ವರ್ಷ ಕೂತು ಕಟ್ಟಿದ 'ಮಾತೃಕಾ ಭಂಡಾರ' ಎಂಬ ಲೆಕ್ಕದ ತಂತ್ರಾಂಶ.

ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಚೌಕಟ್ಟೇ ಮಾತೃಕೆ. ಮೊದಲೆಲ್ಲ ಒಂದೊಂದು ಬಗೆಯ ಸಂಖ್ಯೆಗೂ ಬೇರೆಬೇರೆ ಲೆಕ್ಕಕ್ರಮ ಬರೆಯಬೇಕಿತ್ತು. ಅಹಲ್ಯಾ ಎಲ್ಲಕ್ಕೂ ಒಂದನ್ನೇ ಬರೆದಳು. ಹದಿನಾರು ಅಂಕಿಗಳ ನಿಖರತೆಯ ಸಂಖ್ಯೆ ಕೊಟ್ಟರೂ ಸರಿ, ಮೂರರದ್ದು ಕೊಟ್ಟರೂ ಸರಿ, ಭಂಡಾರ ತಕರಾರಿಲ್ಲದೆ ಗುಣಿಸುತ್ತಿತ್ತು. ಅದೇ ಅವಳ ಹೆಮ್ಮೆ.

ಅಗ್ಗದ ಅಲೆಗಣಿ ತಯಾರಿಸಿದವರು ಮೂರು ಅಂಕಿಯ ಸಂಖ್ಯೆಗಳನ್ನೇ ತುಂಬಿದ್ದರು. ಸಾಧಾರಣ ದಿನಗಳಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಎರಡು ದಿಕ್ಕಿನ ಅಲೆಗಳು ಓರೆಯಾಗಿ ಕೂಡಿದ ಒಂದು ಮಧ್ಯಾಹ್ನ ಮಾತ್ರ, ಹೆಚ್ಚುಕಡಿಮೆ ಸಮನಾದ ಎರಡು ಸಂಖ್ಯೆಗಳನ್ನು ಕಳೆದಾಗ ಉಳಿಯಬೇಕಿದ್ದ ಸಣ್ಣ ಅಂಕಿ, ಮೂರೇ ಅಂಕಿಗಳ ಲೆಕ್ಕದಲ್ಲಿ ಉಳಿಯಲೇ ಇಲ್ಲ. ಯಂತ್ರ 'ಕಡಲು ಶಾಂತ' ಎಂದಿತು. ಬಾಬು ಮೊಗವೀರನ ದೋಣಿ ಮಗುಚಿ ಅವನೂ ಸೇರಿ ಅದರಲ್ಲಿದ್ದ ಐವರೂ ಹೋದರು.

ಅಹಲ್ಯಾ ಅವನ ಹೆಂಡತಿ ಗುಲಾಬಿಯನ್ನು ಹುಡುಕಿಕೊಂಡು ಬಂದಳು.

"ಯಂತ್ರ ಹಾಳಾಗಿತ್ತಾ, ಅಮ್ಮ?" ಎಂದು ಗುಲಾಬಿ ಕೇಳಿದಳು.

"ಇಲ್ಲ. ಯಾರು ಎಂಥ ಸಂಖ್ಯೆ ಕೊಟ್ಟರೂ ತಗೋ ಅಂತ ನಾನೇ ಬರೆದಿದ್ದೆ. ಒರಟು ಸಂಖ್ಯೆಗೆ 'ಒಲ್ಲೆ' ಅನ್ನೋದನ್ನ ಕಲಿಸಲಿಲ್ಲ."

"ಇನ್ನೊಬ್ರ ಮನಿಗೆ ಹೀಂಗ್ ಆಪುಕಾಗ."

ಇನ್ನಾರ ಮನೆಗೂ ಹೀಗಾಗಬಾರದೆಂದು ಆ ವಾರವೇ ಅಹಲ್ಯಾ ಭಂಡಾರಕ್ಕೆ ಒಂದು ನಿರ್ಬಂಧ ಸೇರಿಸಿದಳು: ಹನ್ನೆರಡು ಅಂಕಿಗಿಂತ ಕಡಿಮೆಯಾದರೆ ಲೆಕ್ಕವಿಲ್ಲ. ತಂತಿಯಿಲ್ಲದೆ ಅದು ಎಲ್ಲ ದೋಣಿಗಳನ್ನೂ ತಲುಪಿತು. ಅಗ್ಗದ ಯಂತ್ರಗಳಿಗೆ ಹನ್ನೆರಡು ಅಂಕಿ ಹೊರುವ ಶಕ್ತಿಯೇ ಇರಲಿಲ್ಲ. ಮರುಬೆಳಗ್ಗೆ ಇನ್ನೂರು ಅಲೆಗಣಿಗಳು ಮೂಕವಾದವು. ಮೂಕವಾದ ಯಂತ್ರ ಹೊಸ ಆಜ್ಞೆಯನ್ನೂ ಕೇಳುತ್ತಿರಲಿಲ್ಲ. ಒಂದೊಂದನ್ನೂ ಕೈಯಿಂದ ಬಿಚ್ಚಿಯೇ ಸರಿಪಡಿಸಬೇಕಿತ್ತು.

ಅಹಲ್ಯಾ ಬಂದರಿಗೆ ಓಡಿದಳು. ಗುಲಾಬಿಯ ತಮ್ಮ ಶೀನ ಹಗ್ಗ ಬಿಚ್ಚುತ್ತಿದ್ದ.

"ಇವತ್ತೊಂದು ದಿನ ಹೋಗಬೇಡಿ!"

"ಅದ್ ಒಂದ್ ಸಲ ಸುಳ್ ಹೇಳ್ತ್ ಅಂದೇಳಿ ಬಾಯೇ ಮುಚ್ಚಿಸ್ತ್ರಿ. ನೂರ್ ಸಲ ಅದೇ ಅಲ್ದಾ ನಮ್ಮನ್ ಕಾದದ್ದ್? ಇವತ್ತ್ ಹೋಯ್ದಿರೆ ಉಂಬುದ್ ಎಂತ?" ಎಂದು ಶೀನ ದೋಣಿ ತಳ್ಳಿದ.

ದಡದಲ್ಲುಳಿದ ದೋಣಿಗಳ ಯಂತ್ರಗಳನ್ನು ಅವಳು ಒಂದೊಂದಾಗಿ ಬಿಚ್ಚತೊಡಗಿದಳು. ಹಳೆಯ, ಸುಳ್ಳು ಹೇಳಬಲ್ಲ ಲೆಕ್ಕವನ್ನೇ ಮತ್ತೆ ತುಂಬಿದಳು. ನಲವತ್ತೊಂದನೆಯದಕ್ಕೆ ಬಂದಾಗ ಪಡುವಣ ಗಾಳಿ ಎದ್ದಿತು. ಸರಿಪಡಿಸಿದ ನಲವತ್ತು ಯಂತ್ರಗಳೂ ಒಟ್ಟಿಗೇ, ಈ ಸಲ ನಿಜವನ್ನೇ, ಕೂಗಿಕೊಂಡವು: "ಕಡಲಿಗೆ ಇಳಿಯಬೇಡಿ."

ಗುಲಾಬಿ ಬಂದು ಪಕ್ಕದಲ್ಲಿ ನಿಂತಳು.

"ಶೀನನ ದೋಣಿದ್ ಸರಿ ಆಯ್ತಾ?"

ಅಹಲ್ಯಾ ಕಡಲಿನತ್ತ ನೋಡಲಾರದೆ ಇಲ್ಲವೆಂದು ತಲೆಯಾಡಿಸಿದಳು.